ಬಸಿರು, ಬಾಣಂತನ, ಮದ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಬಸಿರಿಗೆ ಮುಂಚೆ ಮತ್ತು ಬಸಿರಿನಲ್ಲಿ ಮದ್ಯ ಕುಡಿಯುವ ಬಗ್ಗೆ ಪ್ರಶ್ನೆಗಳಿದ್ದರೆ ಬರೆಯಿರಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹಲವು ಶುರುವಾಗುವುದೇ ‘ದಯವಿಟ್ಟು ಹೆಸರು ಹಾಕಬೇಡಿ’ ಎಂದು. ಯಾರ ಹೆಸರನ್ನೂ ಹಾಕಿಲ್ಲ. ಹೆರಿಗೆ ತಜ್ಞರೂ ಮನೋವೈದ್ಯರೂ ಸೇರಿ ಉತ್ತರಿಸಿದ್ದಾರೆ. ಉತ್ತರಗಳಲ್ಲಿ ‘ಒಂದು ಅಳತೆ’ ಎಂದು ಬಂದಾಗಲೆಲ್ಲ 10 ಗ್ರಾಂ ಶುದ್ಧ ಆಲ್ಕೋಹಾಲ್ ಎಂದು ತಿಳಿಯಿರಿ. ವಿಸ್ಕಿ, ರಮ್, ಬ್ರಾಂಡಿಯ 30 ಎಂ.ಎಲ್. ಸಣ್ಣ ಪೆಗ್‌ನಲ್ಲಿ ಇರುವುದು ಸುಮಾರು ಅಷ್ಟೇ.

ಪ್ರಶ್ನೆ: ನನಗೆ 29 ವರ್ಷ. ಕೊನೆಯ ಮುಟ್ಟು ಶುರುವಾಗಿ 20ನೇ ದಿನ ಗೆಳತಿಯ ಮದುವೆ ಪಾರ್ಟಿಯಲ್ಲಿ ಎರಡು ಲಾರ್ಜ್ ವೋಡ್ಕಾ ಕುಡಿದೆ. 33ನೇ ದಿನ ಮನೆಯಲ್ಲೇ ಒಂದು ಪಿಂಟ್ ಸ್ಟ್ರಾಂಗ್ ಬಿಯರ್. ಅದಾಗಿ ಮೂರು ದಿನಕ್ಕೆ ಟೆಸ್ಟ್ ಮಾಡಿದರೆ ಎರಡು ಗೆರೆ ಬಂತು. ಅವತ್ತಿನಿಂದ ನಿದ್ದೆಯಿಲ್ಲ. ತೆಗೆಸಿಬಿಡೋಣವೇ ಎಂದೂ ಯೋಚನೆ ಬಂತು. ಡಾಕ್ಟರಿಗೆ ಹೇಳಬೇಡ ಎನ್ನುತ್ತಾರೆ ನಮ್ಮವರು. ಏನು ಮಾಡಲಿ? (ಬೆಂಗಳೂರು)

ಮೊದಲ ಮಾತು: ಈ ಕಾರಣಕ್ಕೆ ಗರ್ಭ ತೆಗೆಸಬೇಡಿ. ನೀವು ಬರೆದಷ್ಟು ಕುಡಿದದ್ದಕ್ಕೆ ಯಾವ ಹೆರಿಗೆ ತಜ್ಞರೂ ಆ ಸಲಹೆ ಕೊಡುವುದಿಲ್ಲ.

ಈಗ ದಿನಗಳನ್ನು ಎಣಿಸೋಣ. ಬಸಿರಿನ ವಾರಗಳನ್ನು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಆದರೆ 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಗರ್ಭ ಕಟ್ಟುವುದು ಹೆಚ್ಚುಕಡಿಮೆ 14ನೇ ದಿನ. ಕಟ್ಟಿದ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳುವುದು ಅದಾಗಿ 6ರಿಂದ 10 ದಿನಕ್ಕೆ. ಅಂದರೆ ಮದುವೆ ಪಾರ್ಟಿಯ ದಿನ ಅದಿನ್ನೂ ಅಂಟಿಕೊಳ್ಳುವ ಹಂತದಲ್ಲಿತ್ತು, ನಿಮ್ಮ ರಕ್ತದ ಜೊತೆ ನಂಟು ಬೆಳೆದಿರಲಿಲ್ಲ. ಆ ಹಂತದಲ್ಲಿ ದೊಡ್ಡ ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಗರ್ಭ ನಿಲ್ಲುವುದೇ ಇಲ್ಲ, ನಿಂತರೆ ಮುಂದೆ ಬೆಳೆಯುತ್ತದೆ. ಬಿಯರ್ ಕುಡಿದ 33ನೇ ದಿನದ ಮಾತು ಸ್ವಲ್ಪ ಬೇರೆ. ಗರ್ಭ ಕಟ್ಟಿ 19 ದಿನವಾಗಿತ್ತು, ಅಂಗಾಂಗಗಳು ರೂಪುಗೊಳ್ಳುವ ವಾರಗಳು ಆಗಷ್ಟೇ ಶುರುವಾಗಿದ್ದವು. ಅವತ್ತು ನೀವು ಕುಡಿದದ್ದು ಎರಡು ಅಳತೆ, ಒಂದೇ ಸಲ. ಅಪಾಯ ಸೊನ್ನೆ ಎಂದು ಯಾರೂ ಬರೆದುಕೊಡಲಾರರು. ಆದರೆ ತೊಂದರೆಯ ಸಂಭವ ಏರುವುದು ಕುಡಿದ ಪ್ರಮಾಣದ ಜೊತೆ, ಎಷ್ಟು ಸಲ ಎಂಬುದರ ಜೊತೆ. ಬಸಿರೆಂದು ತಿಳಿಯುವ ಮುಂಚೆ ಒಂದೆರಡು ಸಲ ಕುಡಿದು, ತಿಳಿದ ಕೂಡಲೇ ಬಿಟ್ಟವರಲ್ಲಿ ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ.

ಇವತ್ತಿನಿಂದ ಮಾಡಬೇಕಾದ್ದು ಹೀಗಿದೆ. ಒಂದು ಹನಿಯೂ ಬೇಡ. ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿರದಿದ್ದರೆ ಇವತ್ತೇ ಶುರುಮಾಡಿ, ದಿನಕ್ಕೆ 400ರಿಂದ 500 ಮೈಕ್ರೋಗ್ರಾಂ. ಆಲ್ಕೋಹಾಲ್ ದೇಹ ಫೋಲಿಕ್ ಆಮ್ಲವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಮಾಡುತ್ತದೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ. ಹಾಗಾಗಿ ಈ ಮಾತ್ರೆಯನ್ನು ನಾಳೆಗೆ ಮುಂದೂಡಬೇಡಿ. 18ರಿಂದ 20 ವಾರದ ಅನಾಮಲಿ ಸ್ಕ್ಯಾನ್ ತಪ್ಪಿಸಬೇಡಿ. ಹೃದಯ, ಬೆನ್ನುಹುರಿ, ಬೆಳವಣಿಗೆಯ ತೊಂದರೆ ಅದರಲ್ಲಿ ಕಾಣಬಹುದು. ಮಿದುಳಿನ ಸೂಕ್ಷ್ಮ ಹಾನಿ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅದಕ್ಕೇ ‘ಸ್ಕ್ಯಾನ್ ಸರಿಯಿದೆ, ಇನ್ನು ಕುಡಿಯಬಹುದು’ ಎಂಬ ಲೆಕ್ಕ ಹಾಕಬೇಡಿ.

ಡಾಕ್ಟರಿಗೆ ಖಂಡಿತ ಹೇಳಿ. ಪಾರ್ಟಿ ಯಾವ ದಿನ, ಎಷ್ಟು ಪೆಗ್, ಯಾವ ಬಿಯರ್ ಎಂದು ಈ ಪತ್ರದಲ್ಲಿ ಬರೆದ ಹಾಗೆಯೇ ಒಂದು ಚೀಟಿಯಲ್ಲಿ ಬರೆದುಕೊಟ್ಟರೂ ಸಾಕು. ಬಾಯಿಬಿಟ್ಟು ಹೇಳುವ ಮುಜುಗರ ತಪ್ಪುತ್ತದೆ. ನಿಮ್ಮ ಯಜಮಾನರನ್ನು ಜೊತೆಗೆ ಕರೆದುಕೊಂಡು ಹೋಗಿ. ಮುಚ್ಚಿಟ್ಟರೆ ನಿಮಗೆ ಒಂಬತ್ತು ತಿಂಗಳ ಒದ್ದಾಟ, ಡಾಕ್ಟರಿಗೆ ಅರ್ಧ ಮಾಹಿತಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಪ್ರತಿ ವರ್ಷ ದ್ರಾಕ್ಷಿ, ಶುಂಠಿ ವೈನ್ ಮಾಡುತ್ತೇವೆ. ಮನೆಯದ್ದು, ಕೆಮಿಕಲ್ ಇಲ್ಲ, ರಕ್ತ ವೃದ್ಧಿಯಾಗುತ್ತದೆ ಎಂದು ಅತ್ತೆ ದಿನಾ ರಾತ್ರಿ ಅರ್ಧ ಲೋಟ ಕೊಡುತ್ತಾರೆ. ನನಗೀಗ ಆರನೇ ತಿಂಗಳು. ಅಂಗಾಂಗವೆಲ್ಲ ಆಗಿಹೋಗಿದೆಯಲ್ಲ, ಇನ್ನೇನು ಭಯ ಎನ್ನುತ್ತಾರೆ. ಬಿಯರ್, ವೈನ್ ಲೈಟ್ ಅಲ್ಲವೇ? (ಮಡಿಕೇರಿ)

ಅತ್ತೆಯವರ ಪ್ರೀತಿಯ ಬಗ್ಗೆ ಅನುಮಾನವಿಲ್ಲ. ಆದರೆ ವೈನ್ ನಿಲ್ಲಿಸಿ.

ಹಣ್ಣಿಗೆ ಸಕ್ಕರೆ, ಈಸ್ಟ್ ಹಾಕಿ ಭರಣಿಯ ಬಾಯಿ ಕಟ್ಟಿ ಇಟ್ಟಾಗ ಒಳಗೆ ಗುಳುಗುಳು ಗುಳ್ಳೆ ಏಳುತ್ತದಲ್ಲ, ಈಸ್ಟ್ ಆ ಸಕ್ಕರೆಯನ್ನೇ ತಿಂದು ಆಲ್ಕೋಹಾಲ್ ಮಾಡುತ್ತಿದೆ ಎಂದು ಅದರರ್ಥ. ಸಕ್ಕರೆ ಧಾರಾಳವಾಗಿದ್ದರೆ ಶೇ. 12–14ರವರೆಗೂ ಏರಬಹುದು, ಅಲ್ಲಿಗೆ ಈಸ್ಟ್ ತಾನೇ ಸೋಲುತ್ತದೆ. ಅಂಗಡಿಯ ಬಾಟಲಿಯ ಮೇಲಾದರೂ ಶೇಕಡಾವಾರು ಬರೆದಿರುತ್ತದೆ. ಮನೆಯ ಭರಣಿಗೆ ಅದೂ ಇಲ್ಲ. ಈ ವರ್ಷದ್ದು ಎಷ್ಟು ಗಡುಸು ಎಂದು ನಾಲಿಗೆಗೆ ಗೊತ್ತಾಗುವುದಿಲ್ಲ, ಸಿಹಿ ಅದನ್ನು ಮುಚ್ಚುತ್ತದೆ.

‘ಲೈಟ್’ ಎಂಬ ಮಾತನ್ನು ಲೆಕ್ಕ ಹಾಕಿ ನೋಡಿ. ಎಂ.ಎಲ್. ಅನ್ನು ಬಾಟಲಿಯ ಮೇಲಿನ ಶೇಕಡಾದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.8ರಿಂದ ಗುಣಿಸಿದರೆ ಗ್ರಾಂ ಸಿಗುತ್ತದೆ. 650 ಎಂ.ಎಲ್.ನ ಶೇ. 8ರ ಸ್ಟ್ರಾಂಗ್ ಬಿಯರ್ ಒಂದು ಬಾಟಲಿಯಲ್ಲಿ 41 ಗ್ರಾಂ ಚಿಲ್ಲರೆ, ಅಂದರೆ ನಾಲ್ಕು ಸಣ್ಣ ಪೆಗ್ ವಿಸ್ಕಿ. ಶೇ. 5ರದ್ದಾದರೆ 26 ಗ್ರಾಂ. ಶೇ. 12ರ 150 ಎಂ.ಎಲ್. ವೈನ್ 14 ಗ್ರಾಂ. 180 ಎಂ.ಎಲ್. ಕ್ವಾರ್ಟರ್ ಆರು ಅಳತೆ. ಮಗುವಿಗೆ ತಲುಪುವುದು ಗ್ರಾಂ. ಬಾಟಲಿಯ ಹೆಸರಾಗಲಿ, ಬೆಲೆಯಾಗಲಿ ಅದಕ್ಕೆ ಗೊತ್ತಿಲ್ಲ. ಶೇಂದಿಯೂ ಇದೇ ಲೆಕ್ಕಕ್ಕೆ ಬರುತ್ತದೆ. ಮರದಿಂದ ಇಳಿಸಿದಾಗ ನೀರಾ ಆಗಿದ್ದದ್ದು ತಣ್ಣಗೆ ಇಡದಿದ್ದರೆ ಕೆಲವೇ ಗಂಟೆಗಳಲ್ಲಿ ಹುಳಿಯಲು ಶುರುವಾಗುತ್ತದೆ.

ಆರನೇ ತಿಂಗಳ ಮಾತಿಗೆ ಬರೋಣ. ಕೈ, ಕಾಲು, ಹೃದಯ ಆಗಿದೆ ನಿಜ. ಮಿದುಳು ಮಾತ್ರ ಹೆರಿಗೆಯ ದಿನದವರೆಗೂ, ಆಮೇಲೂ ಬೆಳೆಯುತ್ತಲೇ ಇರುತ್ತದೆ. ಮಗುವಿನ ತೂಕ ಏರುವುದು ಕೊನೆಯ ಮೂರು ತಿಂಗಳಲ್ಲಿ. ಆಲ್ಕೋಹಾಲ್ ಕಣ ತೀರಾ ಸಣ್ಣದು, ಮಾಸು ಅದನ್ನು ತಡೆಯುವುದಿಲ್ಲ. ನೀವು ಕುಡಿದ ಸ್ವಲ್ಪ ಹೊತ್ತಿನಲ್ಲೇ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ನಿಮ್ಮಷ್ಟೇ ಮಟ್ಟ ಇರುತ್ತದೆ. ನಿಮ್ಮ ಲಿವರ್ ಗಂಟೆಗೆ ಸುಮಾರು ಒಂದು ಅಳತೆಯನ್ನು ಕರಗಿಸುತ್ತದೆ. ಮಗುವಿನ ಎಳೆಯ ಲಿವರಿಗೆ ಆ ಶಕ್ತಿ ಇಲ್ಲ, ನಿಮ್ಮ ರಕ್ತ ತಿಳಿಯಾಗುವುದನ್ನೇ ಅದು ಕಾಯಬೇಕು. ಈ ನಡುವೆ ಮಗು ಮಾಡಿದ ಮೂತ್ರದ ಮೂಲಕ ಆಲ್ಕೋಹಾಲ್ ಗರ್ಭನೀರಿಗೆ ಸೇರುತ್ತದೆ, ಮಗು ಅದೇ ನೀರನ್ನು ಮತ್ತೆ ನುಂಗುತ್ತದೆ. ನಿಮಗೆ ಇಳಿದ ಮೇಲೂ ಅದಕ್ಕೆ ಇಳಿದಿರುವುದಿಲ್ಲ.

ರಕ್ತ ವೃದ್ಧಿಗೆ ಕಬ್ಬಿಣದ ಮಾತ್ರೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಿಂಬೆಹಣ್ಣಿನ ಪಾನಕದ ಜೊತೆ ನುಂಗಿ, ಕಾಫಿ-ಟೀ ಜೊತೆ ಬೇಡ. ಅತ್ತೆಯವರಿಗೆ ಬೇಸರವಾಗದ ಹಾಗೆ ಹೇಳಬೇಕೆಂದರೆ, ‘ಮಾತ್ರೆ ನಡೀತಿದೆ ಅತ್ತೆ, ಅದರ ಜೊತೆ ವೈನ್ ಬೇಡ ಅಂದಿದ್ದಾರೆ ಡಾಕ್ಟರ್’ ಎನ್ನಿ. ಅದು ಸುಳ್ಳೂ ಅಲ್ಲ, ಈಗ ನಾವು ಹೇಳಿದ್ದೇವೆ.

ಇನ್ನೊಂದು ಮಾತು. ನಮ್ಮ ದೇಶದ ಮದ್ಯದ ಬಾಟಲಿಯ ಮೇಲೆ 2019ರ ಏಪ್ರಿಲ್‌ನಿಂದ ಇರುವ ಕಡ್ಡಾಯ ಎಚ್ಚರಿಕೆ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬಷ್ಟಕ್ಕೇ ನಿಲ್ಲುತ್ತದೆ. ಬಸಿರಿನ ಪ್ರಸ್ತಾಪ ಅದರಲ್ಲಿಲ್ಲ. ಫ್ರಾನ್ಸಿನಲ್ಲಿ 2007ರಿಂದ ಬಾಟಲಿಯ ಮೇಲೆ ಗರ್ಭಿಣಿಯ ಚಿತ್ರದ ಇಲ್ಲವೇ ಬರಹದ ಎಚ್ಚರಿಕೆ ಕಡ್ಡಾಯ. ಇಲ್ಲೂ ಅದು ಬರಬೇಕೆಂಬುದು ನಮ್ಮ ಗಟ್ಟಿಯಾದ ಅಭಿಪ್ರಾಯ.

ಪ್ರಶ್ನೆ: ದಶಮೂಲಾರಿಷ್ಟದಲ್ಲಿ ಆಲ್ಕೋಹಾಲ್ ಇದೆಯಂತೆ, ನಿಜವೇ? ನಮ್ಮ ಕಡೆ ಬಾಣಂತಿಗೆ ಅದಿಲ್ಲದೆ ಆಗುವುದೇ ಇಲ್ಲ. ಬಸುರಿಯಾಗಿದ್ದಾಗಲೂ ಸುಸ್ತಿಗೆ ದ್ರಾಕ್ಷಾಸವ ಕುಡಿದಿದ್ದೇನೆ. (ಶಿವಮೊಗ್ಗ)

ನಿಜ. ಹೊರಗಿನಿಂದ ಸುರಿದದ್ದಲ್ಲ, ಒಳಗೇ ಹುಟ್ಟಿದ್ದು. ಅರಿಷ್ಟವೆಂದರೆ ಕಷಾಯಕ್ಕೆ ಬೆಲ್ಲ, ಧಾತಕಿ ಹೂವು ಹಾಕಿ ಹುಳಿಯಲು ಬಿಟ್ಟದ್ದು. ಆಸವದಲ್ಲಿ ಸಾಮಾನ್ಯವಾಗಿ ಕಷಾಯ ಕುದಿಸದೆ ಅದನ್ನೇ ಮಾಡುತ್ತಾರೆ. ಹುಳಿಯುವಾಗ ಆಲ್ಕೋಹಾಲ್ ಆಗುತ್ತದೆ, ಆ ಆಲ್ಕೋಹಾಲೇ ಮದ್ದಿನ ಸತ್ವವನ್ನು ಎಳೆದು ಕೆಡದಂತೆ ಇಡುತ್ತದೆ. ಬಾಟಲಿಯನ್ನು ತಿರುಗಿಸಿ ಸಣ್ಣ ಅಕ್ಷರ ನೋಡಿ, ‘ಸ್ವಯಂಜನಿತ ಆಲ್ಕೋಹಾಲ್’ ಎಂದು ಶೇಕಡಾ ಬರೆದಿರುತ್ತದೆ. ಸಾಮಾನ್ಯವಾಗಿ 5ರಿಂದ 12ರ ಒಳಗೆ.

ಶೇ. 10 ಎಂದಿಟ್ಟುಕೊಳ್ಳಿ. 30 ಎಂ.ಎಲ್. ದಿನಕ್ಕೆ ಎರಡು ಹೊತ್ತು ಎಂದರೆ 60 ಎಂ.ಎಲ್., ಅದರಲ್ಲಿ ಸುಮಾರು 5 ಗ್ರಾಂ. ಅರ್ಧ ಸಣ್ಣ ಪೆಗ್. ಸಮಪ್ರಮಾಣ ನೀರು ಬೆರೆಸಿದರೆ ಉರಿ ಕಡಿಮೆಯಾಗುತ್ತದೆಯೇ ಹೊರತು ಗ್ರಾಂ ಕಡಿಮೆಯಾಗುವುದಿಲ್ಲ. ದಿನಾ ಅರ್ಧ ಪೆಗ್, ಅದೂ ಮದ್ದು ಎಂದುಕೊಂಡು ತಿಂಗಳುಗಟ್ಟಲೆ ಕುಡಿಯುವುದು ಸಣ್ಣ ವಿಷಯವಲ್ಲ.

ಬಸಿರಿನಲ್ಲಿ ಯಾವ ಅರಿಷ್ಟ, ಆಸವವನ್ನೂ ನೀವಾಗಿಯೇ ಕುಡಿಯಬೇಡಿ. ಕುಮಾರ್ಯಾಸವವನ್ನಂತೂ ಮುಟ್ಟಬೇಡಿ, ಅದರಲ್ಲಿರುವ ಲೋಳೆಸರ ಗರ್ಭಕ್ಕೆ ಒಗ್ಗುವುದಿಲ್ಲ. ದ್ರಾಕ್ಷಾಸವ ಇದುವರೆಗೆ ಕುಡಿದದ್ದಕ್ಕೆ ಗಾಬರಿ ಬೇಡ, ಇಲ್ಲಿಗೆ ನಿಲ್ಲಿಸಿ, ಎಷ್ಟು ದಿನ ಎಷ್ಟು ಮುಚ್ಚಳ ಎಂದು ಡಾಕ್ಟರಿಗೆ ತಿಳಿಸಿ. ಬಾಣಂತನದಲ್ಲಿ ದಶಮೂಲವೇ ಬೇಕೆಂದಿದ್ದರೆ ಹುಳಿಸದ ದಶಮೂಲ ಕಷಾಯ ಇದೆ, ಆಯುರ್ವೇದ ವೈದ್ಯರನ್ನು ಅದಕ್ಕೇ ಕೇಳಿ. ಅವರೇ ಅರಿಷ್ಟ ಬರೆದುಕೊಟ್ಟರೆ ‘ಹಾಲು ಕುಡಿಸುತ್ತಿದ್ದೇನೆ’ ಎಂದು ಹೇಳಿ ಪ್ರಮಾಣವನ್ನೂ ದಿನಗಳನ್ನೂ ಬರೆಸಿಕೊಳ್ಳಿ. ಮಗುವಿಗೆ ಹಾಲು ಕುಡಿಸಿದ ಕೂಡಲೇ ಕುಡಿದರೆ ಮುಂದಿನ ಹಾಲಿನ ಹೊತ್ತಿಗೆ ಬಹುಪಾಲು ಕರಗಿರುತ್ತದೆ.

ಪ್ರಶ್ನೆ: ಇಬ್ಬರೂ ಐ.ಟಿ. ಕೆಲಸದಲ್ಲಿದ್ದೇವೆ. ಮುಂದಿನ ವರ್ಷ ಮಗು ಬೇಕೆಂದಿದೆ. ನಾನು (ಗಂಡ) ವಾರಕ್ಕೆ ಮೂರು ದಿನ, ಅವಳು ವಾರಾಂತ್ಯದಲ್ಲಿ ಕುಡಿಯುತ್ತೇವೆ. ಯಾವಾಗ ನಿಲ್ಲಿಸಬೇಕು? ನಾನೂ ನಿಲ್ಲಿಸಬೇಕೇ? (ಮೈಸೂರು)

ಗಂಡಸೊಬ್ಬರು ತಾವೇ ಕೇಳಿದ್ದು ಸಂತೋಷ. ಹೌದು, ನೀವೂ ನಿಲ್ಲಿಸಬೇಕು, ನೀವು ಮೊದಲು ನಿಲ್ಲಿಸಬೇಕು. ಒಂದು ವೀರ್ಯಾಣು ಹುಟ್ಟಿ, ಬಲಿತು, ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಹಿಡಿಯುತ್ತದೆ. ಜನವರಿಯಲ್ಲಿ ಪ್ರಯತ್ನ ಶುರು ಎಂದರೆ ಅಕ್ಟೋಬರ್ ಆರಂಭಕ್ಕೇ ನಿಮ್ಮ ಗ್ಲಾಸ್ ಕೆಳಗಿಡಬೇಕು. ಹೆಚ್ಚು ಕುಡಿಯುವವರಲ್ಲಿ ಟೆಸ್ಟೋಸ್ಟಿರಾನ್ ಇಳಿಯುತ್ತದೆ, ವೀರ್ಯಾಣುವಿನ ಸಂಖ್ಯೆ, ಓಟ, ಆಕಾರ ಮೂರೂ ಹದಗೆಡುತ್ತವೆ. ಎರಡನೇ ಕಾರಣ ಇನ್ನೂ ನೇರ: ಫ್ರಿಜ್‌ನಲ್ಲಿ ಬಿಯರ್ ಇರುವ ಮನೆಯಲ್ಲಿ ಒಬ್ಬರೇ ಬಿಡುವುದು ಕಷ್ಟ.

ನಿಮ್ಮ ಪತ್ನಿ ಗರ್ಭನಿರೋಧಕ ನಿಲ್ಲಿಸುವ ತಿಂಗಳಿಗೇ ಮದ್ಯವನ್ನೂ ನಿಲ್ಲಿಸಲಿ. ‘ಟೆಸ್ಟ್ ಪಾಸಿಟಿವ್ ಬಂದ ಮೇಲೆ ಬಿಡೋಣ’ ಎಂದರೆ, ಮೊದಲ ಪತ್ರದಲ್ಲಿ ನೋಡಿದಿರಲ್ಲ, ಟೆಸ್ಟ್ ಹೇಳುವ ಹೊತ್ತಿಗೆ ಮುಖ್ಯ ದಿನಗಳು ಶುರುವಾಗಿರುತ್ತವೆ. ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೂರು ತಿಂಗಳ ಮುಂಚಿನಿಂದ 12 ವಾರ ತುಂಬುವವರೆಗೆ ತೆಗೆದುಕೊಳ್ಳಬೇಕು. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ, ಹಿಂದಿನ ಮಗುವಿಗೆ ಬೆನ್ನುಹುರಿಯ ದೋಷ ಇದ್ದರೆ ದೊಡ್ಡ ಡೋಸ್ ಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆಯಬೇಕು.

ಪತ್ನಿ ಸುಲಭವಾಗಿ ಬಿಡಬಲ್ಲರೇ ಎಂದು ತಿಳಿಯಲು ನಾಲ್ಕು ಪ್ರಶ್ನೆಗಳಿವೆ. ಗರ್ಭಿಣಿಯರಿಗಾಗಿಯೇ ಮಾಡಿದ, ‘ಟಿ-ಏಸ್’ ಎಂದು ಕರೆಯುವ ಪಟ್ಟಿ ಇದು. ಅಮಲು ಹತ್ತಲು ಎರಡು ಪೆಗ್‌ಗಿಂತ ಹೆಚ್ಚು ಬೇಕೇ? ಬೇಕೆಂದರೆ 2 ಅಂಕ. ಕುಡಿತದ ಬಗ್ಗೆ ಯಾರಾದರೂ ಹೇಳಿದಾಗ ಸಿಟ್ಟು ಬಂದಿದೆಯೇ? ಕಡಿಮೆ ಮಾಡಬೇಕು ಎಂದು ಅನ್ನಿಸಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ತಲೆ ಸರಿಯಾಗಲು, ನಡುಕ ನಿಲ್ಲಲು ಕುಡಿದದ್ದಿದೆಯೇ? ಈ ಮೂರಕ್ಕೂ ‘ಹೌದು’ ಎಂದರೆ ಒಂದೊಂದು ಅಂಕ. ಒಟ್ಟು ಎರಡು ಅಥವಾ ಹೆಚ್ಚು ಬಂದರೆ ವೈದ್ಯರ ಜೊತೆ ಕೂತು ಮಾತಾಡಿ ಬಿಡುವುದು ಒಳ್ಳೆಯದು. ಉತ್ತರವನ್ನು ಪತ್ನಿಯೇ ಬರೆಯಲಿ, ನೀವು ಪಕ್ಕದಲ್ಲಿ ಕೂತು ತಿದ್ದಬೇಡಿ.

ಆಫೀಸ್ ಪಾರ್ಟಿಯಲ್ಲಿ ಬಸಿರಿನ ಸುದ್ದಿ ಹೇಳದೆ ತಪ್ಪಿಸಿಕೊಳ್ಳುವುದು ಹೇಗೆ ಎಂದು ಬೇರೆ ಇಬ್ಬರು ಕೇಳಿದ್ದಾರೆ. ಹೋದ ಕೂಡಲೇ ನಿಂಬೆ ಸೋಡಾ ತರಿಸಿ ಕೈಯಲ್ಲಿ ಹಿಡಿದುಕೊಳ್ಳಿ, ಖಾಲಿ ಕೈಗೇ ಎಲ್ಲರೂ ಗ್ಲಾಸ್ ಕೊಡುವುದು. ‘ಆ್ಯಂಟಿಬಯಾಟಿಕ್ ನಡೀತಿದೆ’ ಎಂದರೆ ಮರುಪ್ರಶ್ನೆ ಬರುವುದಿಲ್ಲ.

ಪ್ರಶ್ನೆ: ಇಂಗ್ಲೆಂಡಿಗೆ ಬಂದು ಒಂದು ವರ್ಷವಾಯಿತು, ಈಗ ಬಸುರಿ. ಮೊದಲ ಭೇಟಿಯಲ್ಲೇ ಮಿಡ್‌ವೈಫ್ ‘ವಾರಕ್ಕೆ ಎಷ್ಟು ಯೂನಿಟ್’ ಎಂದು ಕೇಳಿದರು. ನಮ್ಮನ್ನು ನೋಡಿ ಹಾಗೆ ಕೇಳಿದರೇ ಎಂದು ಬೇಸರವಾಯಿತು.

ಬೇಸರ ಬೇಡ, ಅಲ್ಲಿ ಪ್ರತಿಯೊಬ್ಬ ಬಸುರಿಯನ್ನೂ ಕೇಳುತ್ತಾರೆ. ಅಲ್ಲಿನ ಒಂದು ಯೂನಿಟ್ ಎಂದರೆ 8 ಗ್ರಾಂ. ಶೇ. 12ರ 175 ಎಂ.ಎಲ್. ವೈನ್ ಎರಡು ಯೂನಿಟ್‌ಗಿಂತ ತುಸು ಹೆಚ್ಚು. 2016ರಲ್ಲಿ ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು ಬಸಿರಿನಲ್ಲಿ ಕುಡಿಯದಿರುವುದೇ ಅತ್ಯಂತ ಸುರಕ್ಷಿತ ಎಂದು ಸಲಹೆ ಹೊರಡಿಸಿದರು. ಕುಡಿದಿಲ್ಲವಾದರೆ ಸೊನ್ನೆ ಎನ್ನಿ, ಬಸಿರೆಂದು ತಿಳಿಯುವ ಮುಂಚೆ ಕುಡಿದಿದ್ದರೆ ಅದನ್ನೂ ಹೇಳಿ. ನಮ್ಮೂರಿನ ಆಸ್ಪತ್ರೆಗಳಲ್ಲೂ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತಾದರೆ, ಕುಡಿಯುವವರಿಗೆ ಹೇಳಲು ಒಂದು ಬಾಗಿಲು ತೆರೆಯುತ್ತದೆ. ನೂರಕ್ಕೆ ಒಬ್ಬ ಹೆಂಗಸು ಕುಡಿಯುವ ನಾಡಿನಲ್ಲಿ ಆ ಒಬ್ಬಳು ತಾನಾಗಿ ಬಾಯಿಬಿಡುವುದಿಲ್ಲ.

ಪ್ರಶ್ನೆ: ನನ್ನ ಅಕ್ಕನಿಗೆ ನಾಲ್ಕು ತಿಂಗಳು. ದಿನಾ ಬೆಳಿಗ್ಗೆ ಒಂದು, ರಾತ್ರಿ ಒಂದು ನೈಂಟಿ ಪ್ಯಾಕೆಟ್ ಬೇಕು. ಭಾವನೂ ಕುಡಿಯುತ್ತಾರೆ. ಕುಡಿಯದಿದ್ದರೆ ಕೈ ನಡುಗುತ್ತದೆ, ಬೆವರುತ್ತಾಳೆ, ವಾಂತಿ. ಅಮ್ಮ ಅವಳನ್ನು ರೂಮಿನಲ್ಲಿ ಕೂಡಿಹಾಕಿ ಬಿಡಿಸುತ್ತೇನೆ ಎನ್ನುತ್ತಿದ್ದಾರೆ. ಗೊತ್ತಾಗದಂತೆ ಊಟದಲ್ಲಿ ಬೆರೆಸುವ ಪುಡಿಯೂ ಸಿಗುತ್ತದಂತೆ. (ಹಾಸನ ಜಿಲ್ಲೆ)

ಕೂಡಿಹಾಕಬೇಡಿ. ಪುಡಿ ಬೆರೆಸಬೇಡಿ. ಈ ಎರಡನ್ನು ಅಮ್ಮನಿಗೆ ಇವತ್ತೇ ಹೇಳಿ.

ಎರಡು ನೈಂಟಿ ಎಂದರೆ ಆರು ಅಳತೆ, 60 ಗ್ರಾಂ. ದಿನವೂ ಇಷ್ಟು ಕುಡಿಯುವ ದೇಹಕ್ಕೆ ಒಮ್ಮೆಲೇ ತಪ್ಪಿಸಿದರೆ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನಕ್ಕೆ ಭ್ರಮೆ, ಜ್ವರ, ಎಲ್ಲಿದ್ದೇನೆಂಬ ಅರಿವು ತಪ್ಪುವುದು ಆಗಬಹುದು, ಅದು ಜೀವಕ್ಕೇ ಅಪಾಯ. ಫಿಟ್ಸ್ ಬಂದರೆ ಒಳಗಿನ ಮಗುವಿಗೆ ಆಮ್ಲಜನಕ ತಪ್ಪುತ್ತದೆ. ಅಕ್ಕ ಹಟ ಮಾಡುತ್ತಿಲ್ಲ, ಕೈ ನಡುಗುವುದು ದೇಹ ಒಗ್ಗಿಹೋಗಿದೆ ಎಂಬುದರ ಗುರುತು. ಆಕೆ ಕುಡಿತ ಬಿಡಲೇಬೇಕು, ಆದರೆ ಆಸ್ಪತ್ರೆಯ ಹಾಸಿಗೆಯ ಮೇಲೆ. ಅಲ್ಲಿಗೆ ಹೋಗುವವರೆಗಿನ ಒಂದೆರಡು ದಿನ ಒಮ್ಮೆಲೇ ನಿಲ್ಲಿಸಲು ಒತ್ತಾಯ ಮಾಡಬೇಡಿ. ಆ ದಿನಗಳು ವಾರಗಳಾಗದಂತೆ ನೋಡಿಕೊಳ್ಳಿ.

ಎಲ್ಲಿಗೆ ಹೋಗುವುದು? ಹೆರಿಗೆ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಕಡೆ ಇರುವ ಮೆಡಿಕಲ್ ಕಾಲೇಜು ಆಸ್ಪತ್ರೆ ಮೊದಲ ಆಯ್ಕೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲೂ ವ್ಯಸನ ಚಿಕಿತ್ಸೆ ಇದೆ. ಹೊರಡುವ ಮುಂಚೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ನಡುವೆ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆಮಾಡಿ.

ಒಳಗೆ ಏನು ಮಾಡುತ್ತಾರೆ ಎಂದು ತಿಳಿದಿದ್ದರೆ ಅಕ್ಕನ ಭಯ ಅರ್ಧ ಇಳಿಯುತ್ತದೆ. ನಾಡಿ, ಬಿ.ಪಿ., ನಡುಕ ನೋಡಿ ಕೆಲವು ದಿನದ ಮಟ್ಟಿಗೆ ನಿದ್ದೆ ತರಿಸುವ, ಫಿಟ್ಸ್ ತಡೆಯುವ ಔಷಧ ಕೊಟ್ಟು, ದಿನದಿಂದ ದಿನಕ್ಕೆ ಅದನ್ನೂ ಇಳಿಸುತ್ತಾರೆ. ಥಯಾಮಿನ್, ಅಂದರೆ ಬಿ1 ವಿಟಮಿನ್, ಇಂಜೆಕ್ಷನ್ ಕೊಡುತ್ತಾರೆ. ಕುಡಿಯುವವರ ಮೈಯಲ್ಲಿ ಅದು ಬತ್ತಿಹೋಗಿರುತ್ತದೆ, ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಬಹುದು. ಆದ್ದರಿಂದಲೇ ಊರಿನ ಕ್ಲಿನಿಕ್‌ನಲ್ಲಿ ‘ಸುಸ್ತು’ ಎಂದಷ್ಟೇ ಹೇಳಿ ಗ್ಲೂಕೋಸ್ ಹಾಕಿಸಬೇಡಿ, ಕುಡಿತದ ವಿಷಯ ಹೇಳಿಯೇ ಹೇಳಿ. ರಕ್ತಹೀನತೆ, ಲಿವರ್ ಪರೀಕ್ಷೆ, ಮಗುವಿನ ಬೆಳವಣಿಗೆಯ ಸ್ಕ್ಯಾನ್ ಅಲ್ಲೇ ಆಗುತ್ತದೆ. ತಾಯಿ ಕಾರ್ಡ್ ಮರೆಯಬೇಡಿ. ಕೊನೆಯ ಸಲ ಯಾವಾಗ, ಎಷ್ಟು ಕುಡಿದಳು ಎಂಬುದನ್ನು ಗಂಟೆಯ ಲೆಕ್ಕದಲ್ಲಿ ಹೇಳಿ, ಔಷಧದ ಪ್ರಮಾಣ ಅದರ ಮೇಲೆ ನಿಂತಿದೆ.

ಪುಡಿಯ ವಿಚಾರ. ಗುಟ್ಟಾಗಿ ಬೆರೆಸುವ ಪುಡಿಗಳಲ್ಲಿ ಏನಿರುತ್ತದೆಂದು ಪ್ಯಾಕೆಟ್ ಹೇಳುವುದಿಲ್ಲ. ಡೈಸಲ್ಫಿರಾಮ್ ಇದ್ದರೆ, ಅದರ ಮೇಲೆ ಕುಡಿದಾಗ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿ.ಪಿ. ಕುಸಿಯುತ್ತದೆ. ಬಸಿರಿನಲ್ಲಿ ಅದನ್ನು ವೈದ್ಯರೂ ಕೊಡುವುದಿಲ್ಲ. ಭಾವನ ಊಟಕ್ಕೂ ಬೆರೆಸಬೇಡಿ. ಆದರೆ ಅವರಿಗೂ ಚಿಕಿತ್ಸೆ ಬೇಕು, ಸಾಧ್ಯವಾದರೆ ಇಬ್ಬರನ್ನೂ ಒಟ್ಟಿಗೆ ಕರೆದೊಯ್ಯಿರಿ. ಅಕ್ಕ ಬಿಟ್ಟು ಬಂದ ಮನೆಯಲ್ಲಿ ಸಂಜೆ ಅದೇ ಪ್ಯಾಕೆಟ್ ಒಡೆದರೆ ಅವಳ ಶ್ರಮ ನೀರುಪಾಲು. ಹೆರಿಗೆವರೆಗೆ ತವರಿನಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು. ಹೊಡೆತ-ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181.

ನಾಲ್ಕು ತಿಂಗಳಾಗಿಹೋಯಿತಲ್ಲ, ಈಗ ಬಿಟ್ಟು ಪ್ರಯೋಜನವೇನು ಎಂದು ಅಕ್ಕನೇ ಕೇಳಬಹುದು. ಇದೆ. ಇನ್ನು ಐದು ತಿಂಗಳ ಮಿದುಳಿನ ಬೆಳವಣಿಗೆ, ಬಹುಪಾಲು ತೂಕ ಇನ್ನೂ ಮುಂದಿದೆ. ಬಿಟ್ಟ ಒಂದೊಂದು ವಾರವೂ ಮಗುವಿಗೆ ಸಿಕ್ಕ ವಾರ.

ಪ್ರಶ್ನೆ: ಬಾಣಂತಿಗೆ ಶೀತವಾಗದಿರಲಿ ಎಂದು ಮೊಟ್ಟೆ-ಬ್ರಾಂಡಿ ಕೊಡುತ್ತಾರೆ, ಬಿಯರ್ ಕುಡಿದರೆ ಹಾಲು ಹೆಚ್ಚುತ್ತದೆ ಎನ್ನುತ್ತಾರೆ. ಮಗುವಿನ ವಸಡಿಗೂ ಬ್ರಾಂಡಿ ಸವರುತ್ತಾರೆ. (ಸಕಲೇಶಪುರ)

ಮೂರೂ ಬೇಡ. ಬ್ರಾಂಡಿ ಕುಡಿದಾಗ ಬೆಚ್ಚಗೆನಿಸುವುದು ಚರ್ಮದ ರಕ್ತನಾಳ ಹಿಗ್ಗುವುದರಿಂದ, ಅದರಿಂದ ಮೈಯ ಕಾವು ಹೊರಗೇ ಹೋಗುತ್ತದೆ. ಬಿಯರ್ ಹಾಲು ಹೆಚ್ಚಿಸುವುದಿಲ್ಲ. ಹಾಲು ಇಳಿಸುವ ಆಕ್ಸಿಟೋಸಿನ್ ಅನ್ನು ಆಲ್ಕೋಹಾಲ್ ತಗ್ಗಿಸುತ್ತದೆ, ಕುಡಿದ ಮುಂದಿನ ಕೆಲವು ಗಂಟೆ ಮಗುವಿಗೆ ಸಿಗುವ ಹಾಲು ಕಡಿಮೆಯೇ. ರಕ್ತದಲ್ಲಿರುವ ಮಟ್ಟವೇ ಹಾಲಿನಲ್ಲೂ ಇರುತ್ತದೆ, ಕುಡಿದ ಅರ್ಧದಿಂದ ಒಂದು ಗಂಟೆಗೆ ಅತಿ ಹೆಚ್ಚು. ಹಿಂಡಿ ಚೆಲ್ಲಿದರೆ ಬೇಗ ಹೋಗುವುದಿಲ್ಲ, ರಕ್ತ ತಿಳಿಯಾದಾಗಲೇ ಹಾಲೂ ತಿಳಿ. ಒಂದು ಪೆಗ್ ಕುಡಿದಿದ್ದರೆ ಕನಿಷ್ಠ ಎರಡು ಗಂಟೆ, ಎರಡಾದರೆ ನಾಲ್ಕು ಗಂಟೆ ಕಾದು ಕುಡಿಸಿ. ಕುಡಿದ ರಾತ್ರಿ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ, ಮಗ್ಗುಲು ಬದಲಿಸಿದ್ದು ನಿಮಗೆ ತಿಳಿಯುವುದಿಲ್ಲ. ಮೂರ್ನಾಲ್ಕು ಕಿಲೋ ತೂಕದ ಕೂಸಿಗೆ ವಸಡಿಗೆ ಸವರಿದ್ದೂ ಲೆಕ್ಕಕ್ಕೆ ಬರುತ್ತದೆ, ರಕ್ತದ ಸಕ್ಕರೆ ಇಳಿಯಬಹುದು.

ಚಿಕ್ಕ ಪ್ರಶ್ನೆಗಳು

ಇಡ್ಲಿ-ದೋಸೆ ಹಿಟ್ಟು, ಮೊಸರು, ಅಂಬಲಿ ಹುಳಿದಿರುತ್ತವಲ್ಲ? ನಿಶ್ಚಿಂತೆಯಿಂದ ತಿನ್ನಿ. ಅವುಗಳಲ್ಲಿ ಲೆಕ್ಕಕ್ಕೆ ಸಿಗುವಷ್ಟು ಆಲ್ಕೋಹಾಲ್ ಇಲ್ಲ.

ನರ್ಸ್ ಆಗಿದ್ದೇನೆ, ದಿನವಿಡೀ ಸ್ಯಾನಿಟೈಸರ್? ಚರ್ಮದ ಮೂಲಕ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಕೈ ಒಣಗುವವರೆಗೆ ಗಾಳಿಯಾಡುವ ಕಡೆ ನಿಲ್ಲಿ, ಸಾಕು.

ರಮ್‌ನಲ್ಲಿ ನೆನೆಸಿದ ಪ್ಲಮ್ ಕೇಕ್? ಬೇಯಿಸಿದರೆ ಎಲ್ಲವೂ ಆವಿಯಾಗುತ್ತದೆ ಎಂಬುದು ತಪ್ಪು. ಅರ್ಧ ಗಂಟೆ ಬೇಯಿಸಿದ ಮೇಲೂ ಮೂರನೇ ಒಂದು ಪಾಲು, ಒಂದು ಗಂಟೆಯ ಮೇಲೂ ಕಾಲು ಪಾಲು ಉಳಿದಿರುತ್ತದೆ. ಬೆಂದ ಮೇಲೆ ರಮ್ ಸುರಿದ ಕೇಕಿನಲ್ಲಿ ಸುರಿದಷ್ಟೂ ಇರುತ್ತದೆ. ಕಿತ್ತಳೆ ರಸದಲ್ಲಿ ನೆನೆಸಿದ್ದನ್ನು ತಿನ್ನಿ.

‘ನಾನ್-ಆಲ್ಕೋಹಾಲಿಕ್’ ಬಿಯರ್? ನಮ್ಮ ಕಾನೂನಿನಲ್ಲಿ ಶೇ. 0.5ಕ್ಕಿಂತ ಹೆಚ್ಚಿದ್ದರೆ ಮಾತ್ರ ಮದ್ಯ. ಹಾಗಾಗಿ ಸೊನ್ನೆ ಎಂದೇ ಅರ್ಥವಲ್ಲ. ಲೇಬಲ್‌ನಲ್ಲಿ 0.0 ಎಂದಿರುವುದನ್ನೇ ನೋಡಿ, ಇಲ್ಲವೇ ಮಜ್ಜಿಗೆ ಕುಡಿಯಿರಿ.

ಪ್ರಶ್ನೆ: ಬಸಿರಿನಲ್ಲಿ ತುಂಬಾ ಕುಡಿಯುತ್ತಿದ್ದೆ, ಈಗ ಬಿಟ್ಟು ಮೂರು ವರ್ಷ. ಮಗನಿಗೆ ಆರು ವರ್ಷ. ಮಗ್ಗಿ ಇವತ್ತು ಕಲಿತರೆ ನಾಳೆ ಮರೆಯುತ್ತಾನೆ, ಒಂದು ಕಡೆ ಕೂರುವುದಿಲ್ಲ. ‘ಹೊಡೆದರೆ ಸರಿಹೋಗ್ತಾನೆ’ ಎನ್ನುತ್ತಾರೆ ಟೀಚರ್. ನನ್ನಿಂದಲೇ ಹೀಗಾಯಿತೇ? (ದಾವಣಗೆರೆ)

ಬಿಟ್ಟು ಮೂರು ವರ್ಷವಾಗಿದೆ, ಅದು ದೊಡ್ಡದು. ಮಗನ ತೊಂದರೆಗೆ ಬೇರೆ ಕಾರಣಗಳೂ ಇರಬಹುದು: ಕಿವಿ, ಕಣ್ಣು, ಥೈರಾಯ್ಡ್, ರಕ್ತಹೀನತೆ, ಹುಟ್ಟಿದಾಗಿನಿಂದ ಬಂದ ಚಂಚಲತೆ. ಬಸಿರಿನ ಮದ್ಯವೂ ಕಾರಣವಿರಬಹುದು. ಪರೀಕ್ಷೆ ಮಾಡಿಸದೆ ಯಾವುದೆಂದು ಹೇಳಲಾಗದು.

ಮದ್ಯದಿಂದ ಮಗುವಿಗೆ ಆಗುವ ಹಾನಿಯನ್ನು ಫ್ರಾನ್ಸಿನ ನಾಂತ್‌ನಲ್ಲಿ ಪಾಲ್ ಲೆಮ್ವಾನ್ 1968ರಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ 1973ರಲ್ಲಿ ಬರೆದಿಟ್ಟರು. ಆಮೇಲಿನಿಂದ ಅದಕ್ಕೆ ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್ ಎಂಬ ಹೆಸರು. ವೈದ್ಯರು ಮುಖದಲ್ಲಿ ಮೂರು ಗುರುತು ನೋಡುತ್ತಾರೆ: ಮೂಗಿಗೂ ಮೇಲ್ದುಟಿಗೂ ನಡುವಿನ ಗುಳಿ ಸಪಾಟಾಗಿರುವುದು, ಮೇಲ್ದುಟಿ ತೆಳ್ಳಗಿರುವುದು, ಕಣ್ಣಿನ ಸೀಳು ಚಿಕ್ಕದಿರುವುದು. ಎತ್ತರ, ತೂಕ, ತಲೆಯ ಸುತ್ತಳತೆಯನ್ನೂ ಅಳೆಯುತ್ತಾರೆ. ಮುಖದಲ್ಲಿ ಏನೂ ಇಲ್ಲದೆ ಕಲಿಕೆ, ನೆನಪು, ಗಮನದಲ್ಲಷ್ಟೇ ತೊಂದರೆ ಇರುವ ಮಕ್ಕಳೇ ಹೆಚ್ಚು. ಕನ್ನಡಿ ಹಿಡಿದು ಮಗನ ತುಟಿ ಅಳೆಯುತ್ತ ಕೂರಬೇಡಿ, ಅದು ಪಳಗಿದ ಕಣ್ಣಿನ ಕೆಲಸ.

ಹೊಡೆಯುವುದರಿಂದ ಮಗ್ಗಿ ಬರುವುದಿಲ್ಲ. ನೆನಪು ಜಾರುವ ಮಗುವಿಗೆ ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು: ‘ಚೀಲ ಎತ್ತು.’ ಎತ್ತಿದ ಮೇಲೆ ‘ಚಪ್ಪಲಿ ಹಾಕು.’ ಎದ್ದಾಗಿನಿಂದ ಮಲಗುವವರೆಗಿನ ಕೆಲಸವನ್ನು ಚಿತ್ರ ಬರೆದು ಗೋಡೆಗೆ ಅಂಟಿಸಿ. ಮೂರರ ಮಗ್ಗಿಯನ್ನು ಹುಣಸೆಬೀಜ ಜೋಡಿಸಿ ಕಲಿಸಿ, ಮರೆತರೆ ಮರುದಿನ ಅದೇ ಬೀಜದಿಂದ ಮತ್ತೆ ಶುರುಮಾಡಿ. ತರಗತಿಯಲ್ಲಿ ಮುಂದಿನ ಸಾಲಿನಲ್ಲಿ, ಕಿಟಕಿ-ಬಾಗಿಲಿನಿಂದ ದೂರ ಕೂರಿಸಲು ಕೇಳಿ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ, ಆಸ್ಪತ್ರೆಯಲ್ಲಿ ‘ಡಿಇಐಸಿ’ ಎಂದು ಕೇಳಿದರೆ ತೋರಿಸುತ್ತಾರೆ. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಮಾತಿನ ಚಿಕಿತ್ಸೆ ಎಲ್ಲ ಒಂದೇ ಕಡೆ, ಹಣ ಕಟ್ಟಬೇಕಿಲ್ಲ. ಅಲ್ಲಿ ಕೂತ ಕೂಡಲೇ ‘ಬಸಿರಿನಲ್ಲಿ ಕುಡಿಯುತ್ತಿದ್ದೆ’ ಎಂಬುದನ್ನು ಮೊದಲೇ ಹೇಳಿಬಿಡಿ. ಅದೊಂದು ಮಾತು ತಿಳಿಯದೆ ವರ್ಷಗಟ್ಟಲೆ ಬೇರೆ ಬೇರೆ ಪರೀಕ್ಷೆಗೆ ಅಲೆಯುವ ಮಕ್ಕಳಿದ್ದಾರೆ. ಶಾಲೆಯ ನೋಟ್‌ಬುಕ್ ಒಂದೆರಡು, ಲಸಿಕೆ ಕಾರ್ಡ್, ಹುಟ್ಟಿದಾಗಿನ ತೂಕ ಬರೆದ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಹಳೆಯ ತಾಯಿ ಕಾರ್ಡ್ ಬೀರುವಿನಲ್ಲಿ ಸಿಕ್ಕರೆ ಅದನ್ನೂ ಒಯ್ಯಿರಿ.